ಐದನೆಯ ಶನಿವಾರ

ಕಳೆದ ವರ್ಷ ಗಣೇಶೋತ್ಸವದ ದಿನಗಳಲ್ಲಿ, ಒಂದು ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಸಂಗೀತ ಸಭೆಯೊಂದರ ಕಾರ್ಯದರ್ಶಿಗಳು ಫೋನ್ ಮಾಡಿದರು. ಅಂದು ಸಂಜೆಯ ಸಂಗೀತ ಕಚೇರಿಯಲ್ಲಿ ಪಿಟೀಲು ನುಡಿಸಬೇಕಿದ್ದವರಿಗೆ ಜ್ವರ ಬಂದಿದೆ, ಗಾಯಕರು ಆಗಲೇ ಬೆಂಗಳೂರು ಬಿಟ್ಟಿದ್ದಾರೆ, ತಾವು ಇಲ್ಲವೆನ್ನಬಾರದು ಎಂದರು. ನಾನು ಇಲ್ಲವೆನ್ನಲಿಲ್ಲ. ಪಕ್ಕವಾದ್ಯದವರಿಗೆ ಎಷ್ಟೋ ಕರೆಗಳು ಹೀಗೆ ಇನ್ನೊಬ್ಬರ ಜ್ವರದ ದೆಸೆಯಿಂದಲೇ ಬರುತ್ತವೆ, ಮತ್ತು ಒಮ್ಮೆ ಆಗುವುದಿಲ್ಲ ಎಂದರೆ ಮುಂದಿನ ಸಲ ಆ ಕರೆ ಬೇರೆ ಮನೆಗೆ ಹೋಗುತ್ತದೆ. ಸಂಜೆ ನಾಲ್ಕಕ್ಕೆ ನನ್ನ ಬಳಿ ಪಿಟೀಲು ಕಲಿಯಲು ಬರುವ ಮಕ್ಕಳ ತಂಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಇಂದು ಪಾಠವಿಲ್ಲ’ ಎಂದು ಬರೆದು, ಸೀರೆ ಇಸ್ತ್ರಿಗೆ ಕೊಡಲು ಹೊರಟೆ.

ಆ ತಂಡದಲ್ಲಿ ನಂಜನಗೂಡಿನಿಂದ ಬಸ್ಸಿನಲ್ಲಿ ಬರುವ ಒಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಅವಳನ್ನು ಕರೆತರುವ ತಾತನ ಬಳಿ ಇರುವುದು ಗುಂಡಿ ಒತ್ತುವ ಫೋನು. ಸಂದೇಶ ಹೋದದ್ದು ಅವಳ ತಾಯಿಗೆ, ಆಕೆಯೋ ಪಾಳಿ ಮುಗಿಯುವವರೆಗೆ ಫೋನ್ ಮುಟ್ಟುವಂತಿಲ್ಲದ ಕಾರ್ಖಾನೆಯಲ್ಲಿ ದುಡಿಯುವವರು. ಅಜ್ಜ ಮೊಮ್ಮಗಳು ಬೀಗ ಹಾಕಿದ ಗೇಟಿನ ಪಕ್ಕದ ಕಟ್ಟೆಯ ಮೇಲೆ, ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಐದು ಗಂಟೆಯವರೆಗೆ ಕುಳಿತಿದ್ದರೆಂದು ಎದುರು ಮನೆಯವರು ಮರುದಿನ ಹೇಳಿದರು. ಮುಂದಿನ ವಾರ ನಾನು ಕ್ಷಮೆ ಕೇಳಿದಾಗ ಆ ಹಿರಿಯರು, “ಕಚೇರಿ ಸಿಕ್ಕಾಗ ಬಿಡೋಕಾಯ್ತದಾ ಅಮ್ಮಾವ್ರೆ, ಪಾಠ ಇನ್ನೊಂದಿನ ಆಯ್ತದೆ” ಎಂದುಬಿಟ್ಟರು. ಆ ‘ಇನ್ನೊಂದಿನ’ವನ್ನು ಹುಡುಕಲು ರಾತ್ರಿ ಡೈರಿ ತೆರೆದು ಕುಳಿತರೆ, ಎರಡು ತಿಂಗಳು ಮುಂದಕ್ಕೆ ಹಾಳೆ ತಿರುವಿದರೂ ಅಂಥ ಒಂದು ದಿನ ನನಗೆ ಕಾಣಿಸಲಿಲ್ಲ.

ನನ್ನ ವಾರ ಹೀಗಿದೆ. ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನದವರೆಗೆ ಮೈಸೂರಿನ ಒಂದು ಖಾಸಗಿ ಶಾಲೆಯಲ್ಲಿ ಸಂಗೀತ ಶಿಕ್ಷಕಿ. ಮಂಗಳವಾರ, ಗುರುವಾರದ ಸಂಜೆ ಮತ್ತು ಶನಿವಾರ ಪೂರ್ತಿ ಮನೆಯ ಮೇಲಿನ ಕೋಣೆಯಲ್ಲಿ ನಡೆಯುವ ನನ್ನದೇ ಪಾಠಶಾಲೆ, ಅದರಲ್ಲಿ ಈಗ 38 ಮಕ್ಕಳು. ಭಾನುವಾರ ಬೆಳಿಗ್ಗೆ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಇಬ್ಬರು ಕನ್ನಡದ ಮಕ್ಕಳಿಗೆ ಆನ್‌ಲೈನ್ ಪಾಠ. ಇವುಗಳ ಸಂದುಗೊಂದುಗಳಲ್ಲಿ ಕಚೇರಿಗಳು. ನನ್ನ ಸ್ವಂತ ಅಭ್ಯಾಸಕ್ಕೆ ಬೆಳಗಿನ ಐದರಿಂದ ಆರೂವರೆ ಉಳಿದಿದೆ ಎಂದು ಹೇಳಿಕೊಳ್ಳುತ್ತೇನೆ.

ಶಾಲೆಯ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ನಲವತ್ತು ನಿಮಿಷದ ಪೀರಿಯಡ್ಡು, ತರಗತಿಗೆ 35 ಮಕ್ಕಳು, ಪರೀಕ್ಷೆ ಹತ್ತಿರವಾದಂತೆ “ಪೋರ್ಷನ್ ಮುಗಿದಿಲ್ಲ ಮಿಸ್” ಎಂದು ಆ ಪೀರಿಯಡ್ಡನ್ನೂ ಕೇಳಿಕೊಂಡು ಬರುವ ಗಣಿತದ ಸಹೋದ್ಯೋಗಿ, ವಾರ್ಷಿಕೋತ್ಸವಕ್ಕೆಂದು ನವೆಂಬರ್ ಡಿಸೆಂಬರ್‌ಗಳಲ್ಲಿ ಪೂರ್ತಿ ನುಂಗಿಹೋಗುವ ವೇಳಾಪಟ್ಟಿ — ಇದನ್ನು ಸಂಗೀತ ಶಿಕ್ಷಕರೆಲ್ಲ ಬಲ್ಲರು. ನಾಡಗೀತೆಗೆ ಸರ್ಕಾರ 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಗೊತ್ತುಮಾಡಿದ ಮೇಲೆ, ಬೆಳಗಿನ ಪ್ರಾರ್ಥನೆಯಲ್ಲಾದರೂ ಎಲ್ಲಿ ಮುಗಿಸಬೇಕೆಂಬುದು ಖಚಿತವಾಗಿದೆ. ಆದರೂ ತಿಂಗಳ ಮೊದಲ ವಾರ ತಪ್ಪದೆ ಸಂಬಳ ಬರುವುದು ಆ ಶಾಲೆಯಿಂದಲೇ ಆದ್ದರಿಂದ ಅದರ ಬಗ್ಗೆ ಗೊಣಗುವ ಹಕ್ಕು ನನಗೆ ಅಷ್ಟಾಗಿ ಇಲ್ಲ.

ನಿಜವಾದ ತೊಡಕು ಬೇರೆಡೆ ಇದೆ, ಅದು ನನಗೆ ಅರ್ಥವಾಗಲು ಹದಿನೈದು ವರ್ಷ ಬೇಕಾಯಿತು. ಸಾಲದಿರುವುದು ಗಂಟೆಗಳಲ್ಲ. ಮಕ್ಕಳಿಗೆ ಬಿಡುವು ಸಿಗುವುದೂ ನನಗೆ ಬಿಡುವು ತಪ್ಪುವುದೂ ಒಂದೇ ಹಬ್ಬದಿಂದ. ದಸರಾ ರಜೆಯಲ್ಲಿ ಮಕ್ಕಳು ದಿನವೂ ಎರಡು ಗಂಟೆ ಅಭ್ಯಾಸ ಮಾಡಬಲ್ಲರು, ಆದರೆ ನವರಾತ್ರಿಯ ಒಂಬತ್ತು ದಿನದಲ್ಲಿ ನಾನು ಐದು ದಿನ ಯಾವುದಾದರೂ ದೇವಸ್ಥಾನದ ವೇದಿಕೆಯ ಮೇಲಿರುತ್ತೇನೆ. ವಾರ್ಷಿಕ ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಸರಿಯಾಗಿ ರಾಮನವಮಿಯ ಕಚೇರಿಗಳ ಕಾಲ; ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದಿರುವ ಶ್ರೀರಾಮಸೇವಾ ಮಂಡಳಿಯ ಉತ್ಸವವೊಂದೇ ತಿಂಗಳಿಗೂ ಮೀರಿ ನಡೆಯುತ್ತದೆ, ಬಡಾವಣೆ ಬಡಾವಣೆಯ ರಾಮಮಂದಿರಗಳ ಲೆಕ್ಕ ಬೇರೆ. ಜೂನ್‌ನಲ್ಲಿ ನನ್ನ ಕೈ ಖಾಲಿಯಾದಾಗ ಮಕ್ಕಳು ಹೊಸ ತರಗತಿಯ ಪುಸ್ತಕ ಹೊತ್ತು, ಟ್ಯೂಷನ್ ಮುಗಿಸಿ, ಆಕಳಿಸುತ್ತ ಬರುತ್ತಾರೆ. ಡೈರಿಯನ್ನು ಎಷ್ಟು ಜಾಣತನದಿಂದ ಬರೆದರೂ ಪಂಚಾಂಗವನ್ನು ತಿದ್ದಲಾಗುವುದಿಲ್ಲ.

ಹಿಂದಿನವರಿಗೆ ಈ ಇಕ್ಕಟ್ಟು ಇರಲಿಲ್ಲವೆಂದಲ್ಲ. ಪಿಟೀಲು ಚೌಡಯ್ಯನವರು ಗಾಯಕ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಗುರುಕುಲದಲ್ಲಿ ವರ್ಷಗಟ್ಟಲೆ ಕಲಿತರು. ಗುರುಗಳು ಕಚೇರಿಗೆ ಹೊರಟರೆ ಶಿಷ್ಯರೂ ಹೊರಡುತ್ತಿದ್ದ ಕಾಲದಲ್ಲಿ ಕಚೇರಿಯೇ ಪಾಠವಾಗುತ್ತಿತ್ತು. ಅದನ್ನು ನೆನೆದು ನಾನೂ ಒಮ್ಮೆ ನಾಲ್ವರು ಮಕ್ಕಳನ್ನು ಕಚೇರಿಗೆ ಕರೆದೊಯ್ದಿದ್ದೆ. ಇಬ್ಬರು ರಾಗಾಲಾಪನೆಯಲ್ಲಿ ನಿದ್ದೆಹೋದರು, ಒಬ್ಬನ ತಾಯಿ ಎಂಟೂವರೆಗೆ ಬಂದು ಕರೆದುಕೊಂಡು ಹೋದರು.

ಪಾಠದ ಗಂಟೆಯೊಳಗೇ ಸೋರಿಹೋಗುವ ಸಮಯದ ಬಗ್ಗೆಯೂ ಹೇಳಬೇಕು. ಶನಿವಾರದ ತಂಡದಲ್ಲಿ ಆರು ಮಕ್ಕಳು, ಆರು ಪಿಟೀಲು. ಎಲ್ಲದರ ತಂತಿಗಳನ್ನೂ ಷಡ್ಜ ಪಂಚಮ, ಅಂದರೆ ಸ ಮತ್ತು ಪ ಸ್ವರಗಳಿಗೆ ಸೇರಿಸಬೇಕು. ಅಗ್ಗದ ಪಿಟೀಲಿನಲ್ಲಿ ತಂತಿ ಬಿಗಿಯುವ ಬಿರಡೆ ಮಳೆಗಾಲದಲ್ಲಿ ಉಬ್ಬಿ ಅಲ್ಲಾಡುವುದಿಲ್ಲ, ಬೇಸಿಗೆಯಲ್ಲಿ ಕುಗ್ಗಿ ನಿಲ್ಲುವುದಿಲ್ಲ. ಒಂದು ವಾದ್ಯಕ್ಕೆ ಎರಡು ನಿಮಿಷವೆಂದರೂ ಹನ್ನೆರಡು ನಿಮಿಷ, ನಡುವೆ ಒಂದು ತಂತಿ ಕಿತ್ತರೆ ಇಪ್ಪತ್ತು. ಒಂದು ಗಂಟೆಯ ಪಾಠಕ್ಕೆ ಶುಲ್ಕ ಕೊಟ್ಟವರಿಗೆ ನಾನು ನಲವತ್ತು ನಿಮಿಷ ಕಲಿಸುತ್ತಿದ್ದೆ. ಈಗ ನನ್ನ ಹಳೆಯ ಶಿಷ್ಯೆಯೊಬ್ಬಳು ಕಾಲು ಗಂಟೆ ಮೊದಲೇ ಬಂದು ಎಲ್ಲ ಪಿಟೀಲುಗಳ ಶ್ರುತಿ ಸೇರಿಸಿಡುತ್ತಾಳೆ, ಅವಳಿಗೆ ತಿಂಗಳಿಗೆ ಇಷ್ಟೆಂದು ಕೊಡುತ್ತೇನೆ. ನಾನು ಊರಿನಲ್ಲಿ ಇಲ್ಲದಾಗ ಸರಳೆ ವರಸೆ, ಜಂಟಿ ವರಸೆಗಳೆಂಬ ಮೊದಲ ಪಾಠಗಳನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ನುಡಿಸಿಸುವುದೂ ಅವಳೇ. ಆಮೇಲೆ ಬರುವ ವರ್ಣವೆಂಬ ರಚನೆಗಳನ್ನು ಮಾತ್ರ ಇನ್ನೂ ಬಿಟ್ಟುಕೊಟ್ಟಿಲ್ಲ, ಏಕೆಂದರೆ ಗಮಕ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸುವ ರೀತಿ, ಒಮ್ಮೆ ತಪ್ಪಾಗಿ ಬೆರಳಿಗೆ ಹತ್ತಿದರೆ ಅದನ್ನು ಬಿಡಿಸಲು ಕಲಿಸಿದ್ದಕ್ಕಿಂತ ಹೆಚ್ಚು ವಾರಗಳು ಬೇಕಾಗುತ್ತವೆ.

ನ್ಯೂಜೆರ್ಸಿಯ ಮಕ್ಕಳಿಗೆ ಚಳಿಗಾಲದಲ್ಲಿ ನಮ್ಮ ಭಾನುವಾರ ಬೆಳಿಗ್ಗೆ ಏಳಕ್ಕೆ, ಅಂದರೆ ಅಲ್ಲಿ ಶನಿವಾರ ರಾತ್ರಿ ಎಂಟೂವರೆಗೆ ಪಾಠ. ಮಾರ್ಚ್ ಎರಡನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ; ಅಲ್ಲಿಂದ ನವೆಂಬರ್ ಮೊದಲ ಭಾನುವಾರದವರೆಗೆ ನನ್ನ ಪಾಠ ಆರಕ್ಕೇ ಶುರುವಾಗಿ, ಮೇಲೆ ಹೇಳಿದ ಸ್ವಂತ ಅಭ್ಯಾಸದ ಅರ್ಧ ಗಂಟೆ ಹೋಗುತ್ತದೆ. ದನಿ ತಲುಪುವುದು ತಡವಾದ್ದರಿಂದ ಅವರೂ ನಾನೂ ಒಟ್ಟಿಗೆ ನುಡಿಸಿ ತಾಳ ಹೊಂದಿಸುವಂತಿಲ್ಲ, ನಾನು ನುಡಿಸಿ ನಿಲ್ಲಿಸಬೇಕು, ಅವರು ನುಡಿಸಿ ನಿಲ್ಲಿಸಬೇಕು. ಕಮಾನಿನ ದೀರ್ಘ ಸ್ವರವನ್ನು ತಂತ್ರಾಂಶ ಫ್ಯಾನಿನ ಸದ್ದೆಂದು ತಿಳಿದು ಅಳಿಸಿಹಾಕುತ್ತದೆಂಬುದು ಗೊತ್ತಾಗಿ ಆ ಸೆಟ್ಟಿಂಗನ್ನು ಬದಲಿಸುವ ಮೊದಲು, ಎರಡು ತಿಂಗಳು ಅವರಲ್ಲೊಬ್ಬ ಹುಡುಗನಿಗೆ ಕಮಾನು ಪೂರ್ತಿ ಎಳೆಯುತ್ತಿಲ್ಲವೆಂದು ಸುಮ್ಮನೆ ಗದರಿದ್ದೆ.

ಇನ್ನು ‘ಇನ್ನೊಂದಿನ’ದ ಮಾತು. ಗೋಡೆಯ ಕ್ಯಾಲೆಂಡರನ್ನು ಇಳಿಸಿಕೊಂಡು ಎಣಿಸಿದೆ. ತಿಂಗಳಿಗೆ ನಾಲ್ಕು ಪಾಠದಂತೆ ವರ್ಷಕ್ಕೆ 48, ವಾರಗಳು 52. ಅಂದರೆ ವಾರದ ಯಾವ ದಿನವನ್ನು ಹಿಡಿದರೂ ವರ್ಷದಲ್ಲಿ ನಾಲ್ಕು ತಿಂಗಳಾದರೂ ಅದು ಐದು ಸಲ ಬರುತ್ತದೆ. ಈ 2026ರಲ್ಲಿ ಐದನೆಯ ಶನಿವಾರಗಳು ಜನವರಿ 31, ಮೇ 30, ಆಗಸ್ಟ್ 29, ಅಕ್ಟೋಬರ್ 31. ಮೊದಲೆಲ್ಲ ಅವುಗಳಲ್ಲಿಯೂ ಎಂದಿನಂತೆ ಪಾಠ ಮಾಡಿ, ತಪ್ಪಿದ ಪಾಠಗಳಿಗೆ ದಿನವಿಲ್ಲವೆಂದು ಪರದಾಡುತ್ತಿದ್ದೆ. ಈಗ ಆ ನಾಲ್ಕು ದಿನ ನಾನು ತಪ್ಪಿಸಿದ ಪಾಠಗಳನ್ನು ತೀರಿಸಲಿಕ್ಕೆ ಮಾತ್ರ. ಅಂದು ಯಾವ ಸಭೆಯ ಕರೆಗೂ ಒಪ್ಪಿಕೊಳ್ಳುವುದಿಲ್ಲ. ತೀರಿಸಲಾಗದೆ ಉಳಿದರೆ ಆ ಪಾಠದ ಶುಲ್ಕ ಮುಂದಿನ ತಿಂಗಳಿಗೆ ವಜಾ. ರದ್ದಾದರೆ ಗುಂಪಿಗೆ ಬರೆಯುವುದಷ್ಟೇ ಅಲ್ಲ, ದೂರದಿಂದ ಬರುವ ಮೂರು ಮನೆಗಳಿಗೆ, ಕರೆತರುವವರ ನಂಬರಿಗೇ ಫೋನ್ ಮಾಡಿ ಹೇಳುವುದು.

“ತಿಂಗಳ ಫೀಸು ಕೊಟ್ಟ ಮೇಲೆ ಐದು ಶನಿವಾರವೂ ಪಾಠ ಆಗಬೇಕಲ್ಲವೇ ಮೇಡಂ” ಎಂದು ಒಬ್ಬ ತಂದೆ ಕೇಳಿದರು. ಹಳೆಯ ರಿಜಿಸ್ಟರು ತೆರೆದು, ಹಿಂದಿನ ವರ್ಷ ಅವರ ಮಗನಿಗೆ ಆದದ್ದು 41 ಪಾಠ ಎಂದು ತೋರಿಸಿದೆ. ಅವರು ಮತ್ತೆ ಮಾತಾಡಲಿಲ್ಲ, ನನಗೂ ಆ ಅಂಕಿಯನ್ನು ತೋರಿಸಿ ಗೆದ್ದೆನೆನ್ನುವಂತಿರಲಿಲ್ಲ.

ಈ ಏರ್ಪಾಡಿನಲ್ಲಿ ಕುಂದಿಲ್ಲವೆನ್ನಲಾರೆ. ರಾಮನವಮಿಯ ಸಮಯದಲ್ಲಿ ತಪ್ಪಿದ್ದನ್ನು ಮೇ ಕೊನೆಗೆ ತೀರಿಸುವ ಹೊತ್ತಿಗೆ ಮಗುವಿಗೆ ಹಿಂದಿನ ಗೀತೆಯ ಅರ್ಧ ಮರೆತಿರುತ್ತದೆ. ಮೊನ್ನೆ ಅದೇ ಕಾರ್ಯದರ್ಶಿಗಳು ಮೇ 30ರ ಸಂಜೆಗೆ ಕೇಳಿದರು. ಹಾಡುವವರ ಹೆಸರು ಕೇಳಿ, ಎರಡು ಕ್ಷಣ ಸುಮ್ಮನಿದ್ದು, ಆಗುವುದಿಲ್ಲವೆಂದೆ. ಅಂದು ಒಂಬತ್ತು ಮಕ್ಕಳ ಪಾಠ ತೀರಬೇಕಿದೆ. ಅವರಲ್ಲಿ ಮೂವರ ಪಿಟೀಲಿಗೆ ಹೊಸ ತಂತಿ ಹಾಕಬೇಕು, ನಂಜನಗೂಡಿನ ಹುಡುಗಿಗೆ ಈಗ ಅರ್ಧ ಅಳತೆಯ ವಾದ್ಯ ಚಿಕ್ಕದಾಗುತ್ತಿದ್ದು, ಮುಕ್ಕಾಲು ಅಳತೆಯದನ್ನು ಅವಳ ತೋಳಿಗೆ ಹಿಡಿಸಿ ನೋಡಬೇಕು.