‘ನಿಮ್ಮ ಇಗರ್ಜಿಗೆ ಫಾರಿನ್ ದುಡ್ಡು ಬರುತ್ತಲ್ವಾ?’

ಮದುವೆ ಊಟದಲ್ಲಿ, ಬಸ್ಸಿನಲ್ಲಿ, ಆಫೀಸಿನ ಟೀ ಹೊತ್ತಿನಲ್ಲಿ ಈ ಪ್ರಶ್ನೆ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಊರಿನ ಇಗರ್ಜಿಯ, ಅಂದರೆ ಚರ್ಚಿನ, ಲೆಕ್ಕಪತ್ರ ನೋಡಿಕೊಳ್ಳುವವನು ನಾನು ಎಂದು ಗೊತ್ತಾದರೆ ಮುಗಿಯಿತು. "ನಿಮಗೇನು ಬಿಡಿ, ಫಾರಿನ್ ದುಡ್ಡು ಬರುತ್ತಲ್ವಾ?" ಕೇಳುವವರಲ್ಲಿ ಹೆಚ್ಚಿನವರಿಗೆ ಕೆಟ್ಟ ಮನಸ್ಸೇನೂ ಇರುವುದಿಲ್ಲ. ನಿಜವಾಗಿಯೂ ಹಾಗೇ ಅಂದುಕೊಂಡಿರುತ್ತಾರೆ. ಬೆಂಗಳೂರಿನ ಗೆಳೆಯನೊಬ್ಬ ಕೇಳಿದಾಗ ನಾನು ವಾದಕ್ಕೆ ಹೋಗಲಿಲ್ಲ. "ಜನವರಿಯಲ್ಲಿ ನಮ್ಮ ಹಬ್ಬಕ್ಕೆ ಬಾ" ಅಂದೆ. ಬಂದ. ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಕಾನೂನಿನ ಮಾತು. ವಿದೇಶಿ ದೇಣಿಗೆ ತೆಗೆದುಕೊಳ್ಳಬೇಕಾದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಒಂದು ಶಾಖೆಗೆ ಬಂದು ಇಳಿಯಬೇಕು. ನಮ್ಮದು ದಕ್ಷಿಣ ಕನ್ನಡದ ಬಂಟ್ವಾಳದ ಒಳಗಿನ ಹಳ್ಳಿ. ಇನ್ನೂರು ಚಿಲ್ಲರೆ ಮನೆ, ಒಂಬತ್ತು ವಾಳೆ (ಇಗರ್ಜಿಯ ಮನೆಗಳ ಗುಂಪು), ವಾಳೆಗೊಬ್ಬ ಗುರಿಕಾರ, ಅಂದರೆ ಮುಖಂಡ. ನಮಗೆ ಆ ನೋಂದಣಿಯೂ ಇಲ್ಲ, ಆ ಖಾತೆಯೂ ಇಲ್ಲ.

ಹಾಗಂತ ಪ್ರಶ್ನೆ ಪೂರ್ತಿ ಸುಳ್ಳೂ ಅಲ್ಲ. ಕುವೈತ್, ದುಬೈ, ಮಸ್ಕತ್ತುಗಳಲ್ಲಿ ದುಡಿಯುವ ನಮ್ಮೂರಿನ ಮಕ್ಕಳು ದುಡ್ಡು ಕಳಿಸುತ್ತಾರೆ. ಭಾರತದ ಪ್ರಜೆ ಹೊರದೇಶದಲ್ಲಿ ದುಡಿದು ಉಳಿಸಿದ್ದನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಕಾನೂನಿನ ಲೆಕ್ಕದಲ್ಲಿ ಅದು ವಿದೇಶಿ ದೇಣಿಗೆ ಅಲ್ಲ. ನಮ್ಮ ಲೆಕ್ಕದಲ್ಲೂ ಅಲ್ಲ. ತಾನು ಮೊದಲ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ತೆಗೆದುಕೊಂಡ ಪೀಠಕ್ಕೆ ಬಣ್ಣ ಹೊಡೆಸಲು ಹುಡುಗ ಐದು ಸಾವಿರ ಕಳಿಸಿದರೆ ಅದು ಯಾವ ದೇಶದ ದುಡ್ಡು?

ಇನ್ನೊಂದು ತಮಾಷೆ ಕೇಳಿ. ಶುಭ ಶುಕ್ರವಾರದ ಕಾಣಿಕೆ ಯೇಸು ಓಡಾಡಿದ ಪುಣ್ಯಭೂಮಿಗೆಂದು ಹೋಗುತ್ತದೆ. ಅಕ್ಟೋಬರಿನ ಕೊನೆಯ ಭಾನುವಾರಕ್ಕೆ ಹಿಂದಿನ ಭಾನುವಾರ ಮಿಷನ್ ಭಾನುವಾರ, 1926ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಶುರು ಮಾಡಿದ್ದು. ಆ ದಿನದ ಕಾಣಿಕೆ ಚೀಲವೂ ನಮ್ಮದಲ್ಲ. ಪೋಪರ ದಾನಧರ್ಮಕ್ಕೆಂದು ಇನ್ನೊಂದು ಕಾಣಿಕೆ. ಅಂದರೆ ಬೀಡಿ ಕಟ್ಟುವ ನಮ್ಮ ಬಾಯಮ್ಮನವರ ಹತ್ತು ರೂಪಾಯಿ ಮೊದಲು ಧರ್ಮಪ್ರಾಂತ್ಯದ, ಅಂದರೆ ಬಿಷಪರ, ಕಚೇರಿಗೆ, ಅಲ್ಲಿಂದ ಫಾರಿನ್ನಿಗೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಸುಮ್ನೆ ನಗುತ್ತಾರೆ.

ಖರ್ಚಿನ ಕಡೆಗೆ ಬಂದರೆ, ನಮ್ಮ ವರ್ಷ ಜನವರಿಯಿಂದ ಶುರುವಾಗುವುದಿಲ್ಲ. ಮಾಡಿನಿಂದ, ಅಂದರೆ ಹಂಚಿನ ಚಾವಣಿಯಿಂದ, ಶುರುವಾಗುತ್ತದೆ. ಏಪ್ರಿಲ್ ಕೊನೆಗೆ ಈಸ್ಟರ್ ಗಲಾಟೆ ಮುಗಿದಿರುತ್ತದೆ. ಜೂನ್ ಮೊದಲ ವಾರ ಮಳೆ. ನಡುವೆ ಸಿಗುವ ಒಂದು ತಿಂಗಳಲ್ಲಿ ಹಂಚು ಕೈಯಾಡಿಸಿ ಮುಗಿಸಬೇಕು. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಒಂದು ಹಂಚು ಸೀಳಿದರೆ ನೀರು ಮೊದಲು ಹಂಚು ಕೂರುವ ಮರದ ಪಟ್ಟಿಗೆ, ಅಂದರೆ ರೀಪಿಗೆ, ರೀಪಿನಿಂದ ಅದನ್ನು ಹೊರುವ ಪಕ್ಕಾಸಿಗೆ. ಪಕ್ಕಾಸು ಒದ್ದೆಯಾದರೆ ಗೆದ್ದಲು ಕರೆಯದೇ ಬರುತ್ತದೆ. ಒಂದು ಹಂಚಿನ ಸೋಮಾರಿತನಕ್ಕೆ ಮೂರು ವರ್ಷದ ನಂತರ ಮರ ಕೊಳ್ಳಬೇಕು. ಇದು ನನ್ನ ಅನುಭವ. ಒಂದು ವರ್ಷ "ಈ ಸಲ ನೋಡೋಣ, ಸೋರಿದರೆ ಮುಂದಿನ ವರ್ಷ" ಎಂದು ದುಡ್ಡು ಉಳಿಸಿದ ಬುದ್ಧಿವಂತ ನಾನೇ.

ಹಂಚು ಸಿಗುವುದೂ ಈಗ ಕಷ್ಟ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಹಾಕಿದರು. ಅವರು ಪ್ರೊಟೆಸ್ಟೆಂಟರು. ಅವರು ಕಲಿಸಿದ ಹಂಚಿನಡಿ ಕುಳಿತು ನಾವು ಕಥೋಲಿಕರು ತಲೆಮಾರುಗಳಿಂದ ಪೂಜೆ ಕೇಳುತ್ತಿದ್ದೇವೆ, ಇರಲಿ. ಆಮೇಲೆ ನೇತ್ರಾವತಿ ದಡದ ಉದ್ದಕ್ಕೂ ಎದ್ದ ಕಾರ್ಖಾನೆಗಳಲ್ಲಿ ಎಷ್ಟೋ ಬಾಗಿಲು ಹಾಕಿವೆ. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ, ಅಚ್ಚಿನಲ್ಲಿ ಕೂದಲೆಳೆ ವ್ಯತ್ಯಾಸ. ಅದಕ್ಕೆ ಸುತ್ತಮುತ್ತ ಯಾರಾದರೂ ಹಳೇ ಮನೆ ಕೆಡವಿ ತಾರಸಿ ಹಾಕುತ್ತಾರೆಂದು ಗೊತ್ತಾದರೆ ನಾವು ಹೋಗಿ ಹಂಚು ತಿರುಗಿಸಿ ಅಡಿಯಲ್ಲಿರುವ ಕಾರ್ಖಾನೆಯ ಮುದ್ರೆ ನೋಡುತ್ತೇವೆ. ನಮ್ಮ ಹಂಚಿನದೇ ಮುದ್ರೆ ಇದ್ದರೆ ಹೊತ್ತು ತಂದು ಫಾದರ್ ಬಂಗಲೆಯ ಹಿಂದೆ ಜೋಡಿಸಿಡುತ್ತೇವೆ. ಹೆಚ್ಚಿನವರು ದುಡ್ಡು ಕೇಳುವುದಿಲ್ಲ. ಹಾಗೆ ಕೊಟ್ಟವರಲ್ಲಿ ಶೆಟ್ಟರೂ ಇದ್ದಾರೆ, ಬ್ಯಾರಿ ಮುಸ್ಲಿಮರೂ ಇದ್ದಾರೆ. ಮಾಡಿಗೆ ಹತ್ತುವ ನಮ್ಮ ಕಾಯಂ ಕೆಲಸದವರು ಇಗರ್ಜಿಗೆ ಕಾಲಿಡುವುದು ಮೇಲಿನಿಂದ ಮಾತ್ರ. "ನಿಮ್ಮ ದೇವರು ನನಗೆ ತಲೆಯ ಮೇಲಿಂದಲೇ ಪರಿಚಯ" ಅನ್ನುತ್ತಾರೆ.

ಮೊದಲ ಜೋರು ಮಳೆಯ ರಾತ್ರಿ ನಾನು ಟಾರ್ಚ್ ಹಿಡಿದು ಹೋಗುತ್ತೇನೆ. ಕತ್ತಲ ಇಗರ್ಜಿಯಲ್ಲಿ ಬೆಂಚಿನ ನಡುವೆ ನಿಂತು ಟಪ್ ಟಪ್ ಎಲ್ಲಿ ಎಂದು ಕಿವಿ ಕೊಡುವುದು. ಗಂಡಸರ ಕಡೆಯ ನಾಲ್ಕನೇ ಬೆಂಚು ಯಾವತ್ತೂ ಮೋಸ ಮಾಡುವುದಿಲ್ಲ. ಅಲ್ಲಿಗೊಂದು ಬಕೆಟ್ ಮೀಸಲು.

ಮಳೆಗಾಲದಲ್ಲಿ ಕಾಣಿಕೆ ಕಡಿಮೆ. ಅಡಿಕೆಗೆ ಕೊಳೆರೋಗ ಬಂದ ವರ್ಷವಂತೂ ವಾಳೆಯ ವಂತಿಗೆ ಕೇಳಲು ಗುರಿಕಾರರಿಗೇ ನಾಚಿಕೆ. ಆಗಸ್ಟ್ 30ಕ್ಕೆ ಮೊಂತಿ ಹಬ್ಬದ, ಅಂದರೆ ಮರಿಯ ಮಾತೆಯ ಹುಟ್ಟುಹಬ್ಬದ, ನೊವೆನ ಪ್ರಾರ್ಥನೆ ಶುರು. ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂ ತಂದು ಮರಿಯ ಮಾತೆಯ ಬಾಲರೂಪಕ್ಕೆ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ಕ್ಕೆ ಹೊಸ ತೆನೆಯ ಆಶೀರ್ವಾದ. ಮನೆಗೊಂದು ತೆನೆ ಕೊಡಬೇಕು. ಆದರೆ ನಮ್ಮೂರಲ್ಲಿ ಗದ್ದೆ ಎಲ್ಲಿದೆ? ಎಲ್ಲ ಅಡಿಕೆ, ರಬ್ಬರ್. ಈಗ ಜೂನ್‌ನಲ್ಲೇ ಯುವಜನರು ಒಬ್ಬರ ಪಾಳುಬಿದ್ದ ಗದ್ದೆಯ ಮೂಲೆಯಲ್ಲಿ ಬೇಗ ಬರುವ ತಳಿ ಬಿತ್ತುತ್ತಾರೆ. ನವಿಲು, ಹಂದಿ ಬಿಟ್ಟರೆ ತೆನೆ. ಒಂದು ವರ್ಷ ಬಿಡಲಿಲ್ಲ. ಹತ್ತಿರದ ಶೆಟ್ಟರ ಮನೆಯ ಹಿರಿಯರು "ನಮ್ಮ ಮನೆ ತುಂಬಿಸುವ ಹಬ್ಬಕ್ಕೂ ಅದೇ ಕದಿರು, ನಿಮಗೂ ಅದೇ" ಎಂದು ಎರಡು ಕಟ್ಟು ಕೊಯ್ದು ಕಳಿಸಿದರು. ಲೆಕ್ಕದ ಪುಸ್ತಕದಲ್ಲಿ ಅದನ್ನು ಎಲ್ಲಿ ಬರೆಯಬೇಕೆಂದು ಗೊತ್ತಾಗದೆ ಬಿಟ್ಟುಬಿಟ್ಟೆ. ಮಕ್ಕಳಿಗೆ ಕೊಡುವ ಕಬ್ಬಿಗೆ ಮಾತ್ರ ಬಿಲ್ಲು ಇದೆ.

ನವೆಂಬರ್ 2 ಸತ್ತವರ ಸ್ಮರಣೆಯ ದಿನ. ಅದಕ್ಕೆ ಮೊದಲು ಸಿಮಿತ್ರಿಯ (ಇಗರ್ಜಿಯ ಸ್ಮಶಾನದ) ಹುಲ್ಲು ಸೊಂಟದೆತ್ತರ ಬೆಳೆದಿರುತ್ತದೆ. ವಾಳೆಗಳಿಗೆ ಜಾಗ ಹಂಚಿ ಶ್ರಮದಾನ. ಬೆಳಿಗ್ಗೆ ಹುಲ್ಲು ಕತ್ತರಿಸುವ ಯಂತ್ರ, ಹತ್ತು ಗಂಟೆಗೆ ಅವಲಕ್ಕಿ, ಚಾ. ಮಾತಾಡದ ಅಣ್ಣತಮ್ಮಂದಿರು ಅಪ್ಪನ ಗೋರಿಯ ಎರಡು ಬದಿಯಲ್ಲಿ ನಿಂತು ಮಾತಾಡದೆಯೇ ಹುಲ್ಲು ಕೀಳುವುದನ್ನು ನೋಡಿದ್ದೇನೆ. ಇದಕ್ಕೆಲ್ಲ ಕೂಲಿ ಕೊಡಬೇಕಾಗಿ ಬಂದಿದ್ದರೆ ನಾನು ಯಾವತ್ತೋ ರಾಜೀನಾಮೆ ಕೊಡುತ್ತಿದ್ದೆ. ಅದೇ ತಿಂಗಳ ಸಿಡಿಲಿಗೆ ಮೈಕಿನ ಆಂಪ್ಲಿಫೈಯರ್ ಸುಟ್ಟದ್ದೂ ಉಂಟು. ಪ್ಲಗ್ ಕೀಳಲು ಮರೆತವನು ಯಾರೆಂದು ಕೇಳಬೇಡಿ.

ಕ್ರಿಸ್ಮಸ್ಸಿನ ಗೋದಲಿ, ನಕ್ಷತ್ರ ನೀವು ಫೋಟೋದಲ್ಲಿ ನೋಡಿರುತ್ತೀರಿ. ಅದು ಯುವಜನರ ಪಾಲು, ನನಗೆ ಬರುವುದು ಕರೆಂಟ್ ಬಿಲ್ಲು ಮಾತ್ರ.

ವಾರ್ಷಿಕ ಹಬ್ಬ ಜನವರಿಯಲ್ಲಿ. ಅದರ ಹಿಂದಿನ ಭಾನುವಾರ ಬಾಂಧವ್ಯದ ಭಾನುವಾರ, ನಮ್ಮ ಕೊಂಕಣಿಯಲ್ಲಿ ಕೊಂಪ್ರಿ. ಪರಮಪ್ರಸಾದದ ಮೆರವಣಿಗೆ ಮುಗಿದ ಮೇಲೆ ಅಂಗಳದಲ್ಲಿ ಏಲಂ, ಅಂದರೆ ಹರಾಜು. ಬಾಳೆಗೊನೆ, ಬೊಂಡ (ಎಳನೀರು), ಊರಿನ ಹುಂಜ, ಯಾರದೋ ಮೊದಲ ಬೆಳೆಯ ಬಸಳೆ. ಏಲಂ ಕೂಗಲು ಗಂಟಲೂ ಬೇಕು, ನಾಲಿಗೆಯೂ ಬೇಕು. ಯಾರು ಯಾರ ಮೇಲೆ ಹಟಕ್ಕೆ ಬೀಳುತ್ತಾರೆ, ಯಾರ ಮಗ ರಜೆಯಲ್ಲಿ ದುಬೈಯಿಂದ ಬಂದಿದ್ದಾನೆ, ಎಲ್ಲ ಗೊತ್ತಿರಬೇಕು. ಗೆದ್ದವರು ಹಲವರು ದುಡ್ಡು ಕೊಟ್ಟು, ವಸ್ತುವನ್ನು ಮತ್ತೆ ಏಲಂಗೇ ಬಿಡುತ್ತಾರೆ. ಒಂದೇ ಹುಂಜ ಮೂರು ಸಲ ಮಾರಾಟವಾಗಿ, ಕಾಲು ಕಟ್ಟಿಸಿಕೊಂಡು ಬೇಜಾರಿನಲ್ಲಿ ಕುಳಿತಿರುತ್ತದೆ.

ಬೆಂಗಳೂರಿನ ಗೆಳೆಯ ಬಂದಿದ್ದು ಆ ಭಾನುವಾರ. ಸುಮ್ನೆ ನಿಂತವನು ಒಂದು ಮಂಗಳೂರು ಸೌತೆಕಾಯಿಗೆ "ಐವತ್ತು" ಅಂದ. ಪಕ್ಕದ ಅಜ್ಜಿ "ನೂರು" ಅಂದರು. ಇವನಿಗೆ ಏನಾಯಿತೋ, ನೂರೈವತ್ತು ಅಂದ. ಅಜ್ಜಿ ಬಿಡಲಿಲ್ಲ. ಕೂಗುವವನಿಗೆ ಇನ್ನೇನು ಬೇಕು? 650 ರೂಪಾಯಿಗೆ ಸೌತೆಕಾಯಿ ಇವನ ಕೈಗೆ ಬಂತು. ಸೋತ ಅಜ್ಜಿ ಸಾಂಬಾರು ಹೇಗೆ ಮಾಡಬೇಕೆಂದು ಹೇಳಿಕೊಟ್ಟು ಹೋದರು.

ರಶೀದಿ ಬರೆಯಲು ಅವನು ನನ್ನ ಮೇಜಿಗೇ ಬಂದ. "ನಿನ್ನ ವಾಳೆ ಯಾವುದು?" ಎಂದು ಕೇಳಿದೆ, ಆ ಜಾಗ ಖಾಲಿ ಬಿಡುವಂತಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಯೋಚಿಸಿದೆವು. ಕೊನೆಗೆ ಅವನೇ ಪೆನ್ನು ಕಿತ್ತುಕೊಂಡು ‘ಫಾರಿನ್’ ಎಂದು ಬರೆದ.