ಬೀಗ ಹಾಕಿದ್ದೀರಾ? ಫೋಟೊ ಎಲ್ಲಿ?

ಪೀಣ್ಯದ ಪ್ರೆಸ್ ಶಾಪ್ (ಲೋಹವನ್ನು ಒತ್ತಿ ರೂಪ ಕೊಡುವ ಕಾರ್ಖಾನೆ) ಒಂದರಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುವವನು ನಾನು. ಯಂತ್ರದ ರಿಪೇರಿಗೆ ಕೈಹಾಕುವ ಮೊದಲು ತುಂಬುವ ಸುರಕ್ಷತಾ ಚೆಕ್‌ಲಿಸ್ಟ್ ಕಾಗದದಲ್ಲಿದ್ದ ಕಾಲದಲ್ಲಿ ಹಾಳೆ ತೀರಾ ಶುಭ್ರವಾಗಿದ್ದರೆ ಅನುಮಾನ ಬರುತ್ತಿತ್ತು. ಯಂತ್ರದ ಪಕ್ಕದಲ್ಲಿ ನಿಂತು ತುಂಬಿದ ಹಾಳೆಯ ಮೇಲೆ ಗ್ರೀಸ್ ಬೆರಳಿನ ಗುರುತು ಒಂದಾದರೂ ಇರಬೇಕು. ಕ್ಯಾಂಟೀನಿನಲ್ಲಿ ಕುಳಿತು ತುಂಬಿದ್ದಕ್ಕೆ ಹೆಚ್ಚೆಂದರೆ ಕಾಫಿಯ ಕಲೆ. ಟ್ಯಾಬ್ ಬಂದ ಮೇಲೆ ಆ ಸುಳಿವು ಹೋಯಿತು, ಬದಲಿಗೆ ಪ್ರತಿ ಉತ್ತರದ ಪಕ್ಕದಲ್ಲಿ ಗಂಟೆ, ನಿಮಿಷ, ಸೆಕೆಂಡ್ ಸಿಕ್ಕಿತು. ಹೈಡ್ರಾಲಿಕ್ ಪ್ರೆಸ್ಸಿನ ಪ್ರಶ್ನೆಗಳಿಗೆಲ್ಲ ಒಂದೇ ನಿಮಿಷದೊಳಗೆ ‘ಹೌದು’ ಬಿದ್ದಿತ್ತು. ಆ ಪ್ರೆಸ್ಸಿಗೆ ಒಂದು ಸುತ್ತು ಬರುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಹುಡುಗರನ್ನು ಬೈಯುವ ಮೊದಲು ಪ್ರಶ್ನೆಗಳನ್ನು ಓದಿದೆ. ಮೇನ್ ಸ್ವಿಚ್ ಆಫ್ ಮಾಡಿ, ಬೇರೆ ಯಾರೂ ಆನ್ ಮಾಡದಂತೆ ಅದಕ್ಕೆ ಬೀಗ ಹಾಕುವುದು ಮೊದಲಿಗೇ ಇತ್ತು. ರ‍್ಯಾಮ್ (ಮೇಲೆ ಕೆಳಗೆ ಚಲಿಸಿ ಒತ್ತುವ ಭಾರದ ಭಾಗ) ಕೆಳಗೆ, ಅದು ಜಾರಿ ಬೀಳದಂತೆ ತಡೆಯುವ ಸೇಫ್ಟಿ ಬ್ಲಾಕ್ ಇಡುವುದು ಎಷ್ಟೋ ಪ್ರಶ್ನೆಗಳ ನಂತರ. ಬ್ಲಾಕ್ ಇಡಬೇಕಾದರೆ ರ‍್ಯಾಮ್ ಮೇಲೆ ಹೋಗಬೇಕು, ಅದು ಮೇಲೆ ಹೋಗಬೇಕಾದರೆ ಪಂಪ್ ಓಡಬೇಕು. ಕರೆಂಟ್ ತೆಗೆದ ಮೇಲೆ ಅದನ್ನು ಎತ್ತುವವರು ಯಾರು? ಮಾಡಲಾಗದ ಕ್ರಮವನ್ನು ಬರೆದುಕೊಟ್ಟರೆ ಫಿಟ್ಟರ್ ಕೆಲಸವನ್ನು ತನಗೆ ತಿಳಿದಂತೆ ಮುಗಿಸಿ ಟಿಕ್‌ಗಳನ್ನು ಒಟ್ಟಿಗೆ ಹಾಕುತ್ತಾನೆ.

ನಮ್ಮ ಹಿರಿಯ ಫಿಟ್ಟರ್ ನಡೆದ ದಾರಿಯಲ್ಲೇ ನಡೆದು ಪಟ್ಟಿಯನ್ನು ಮತ್ತೆ ಬರೆದೆವು. ರ‍್ಯಾಮ್ ಎತ್ತು, ಬ್ಲಾಕ್ ಇಟ್ಟು ಅದರ ಮೇಲೆ ಕೂರಿಸು. ಆಮೇಲೆ ಐಸೊಲೇಟರ್ (ಕರೆಂಟ್ ಪೂರ್ತಿ ಕಡಿಯುವ ಮೇನ್ ಸ್ವಿಚ್) ಆಫ್. ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬನಿಗೂ ಅವನದೇ ಬೀಗ, ಬೀಗದ ಕೈ ಅವನ ಜೇಬಿನಲ್ಲೇ. ಪವರ್ ಪ್ಯಾಕ್ (ಪಂಪ್, ಮೋಟಾರು ಇರುವ ಘಟಕ) ಹಿಂದೆ ಹೋಗಿ, ಒತ್ತಡದ ಎಣ್ಣೆಯನ್ನು ಕೂಡಿಟ್ಟುಕೊಳ್ಳುವ ಅಕ್ಯುಮುಲೇಟರಿನ ಒತ್ತಡ ಇಳಿಸು. ಮೋಟಾರು ನಿಂತರೂ ಅಲ್ಲಿ ಎಣ್ಣೆ ಒತ್ತಡದಲ್ಲೇ ಕುಳಿತಿರುತ್ತದೆ. ಇಲ್ಲಿ ‘ಹೌದು’ ನಡೆಯುವುದಿಲ್ಲ, ಗೇಜಿನ ಅಂಕಿಯನ್ನೇ ಬರೆಯಬೇಕು. ಕೊನೆಗೆ ಸ್ಟಾರ್ಟ್ ಬಟನ್ ಒತ್ತಿ ಯಂತ್ರ ಅಲುಗುವುದಿಲ್ಲ ಎಂದು ನೋಡಬೇಕು. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಪ್ಯಾನೆಲ್ ತೆರೆಯುವ ಕೆಲಸವಾದರೆ ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಇಳಿಯಲು ಡ್ರೈವಿನ ಮೇಲೆ ಬರೆದಷ್ಟು ನಿಮಿಷ ಕಾಯದೆ ಮುಂದಿನ ಪ್ರಶ್ನೆ ತೆರೆಯುವುದೇ ಇಲ್ಲ. ಕಾದ ಮೇಲೂ ಮೀಟರ್ ಇಟ್ಟು ವೋಲ್ಟೇಜ್ ನೋಡಿ ಬರೆಯಲೇಬೇಕು. ಕಾಗದದಿಂದ ಇದನ್ನು ಮಾಡಿಸಲು ಆಗುತ್ತಿರಲಿಲ್ಲ.

ಕೆಲಸ ಮಾಡಿದ್ದಕ್ಕೆ ಪುರಾವೆಯಾಗಿ ಟ್ಯಾಬ್ ಕೇಳುವ ಫೋಟೊ ವಿಷಯದಲ್ಲಿ ಮಾತ್ರ ಜಗಳ ತೀರಿಲ್ಲ. “ಸರ್, ಫೋಟೊ ತೆಗೆಯಲು ಗ್ಲೌಸ್ ಬಿಚ್ಚಬೇಕು. ಬಿಚ್ಚಿದರೆ ಅದಕ್ಕೂ ನೀವೇ ಬೈಯುತ್ತೀರಿ” ಎಂದ ಒಬ್ಬ ಹುಡುಗ. ಸುಳ್ಳಲ್ಲ. ಈಗ ಬೀಗದ ಫೋಟೊ ಒಂದೇ ಸಾಕು ಎಂದಿದ್ದೇನೆ. ಕಿಡಿಗೆ ಹೊತ್ತಿಕೊಳ್ಳುವ ಆವಿ ಇರುವ ಥಿನ್ನರ್ ಕೋಣೆಗೆ ಸಾಮಾನ್ಯ ಟ್ಯಾಬ್ ಒಯ್ಯುವಂತಿಲ್ಲ, ಅಲ್ಲಿ ಇಂದಿಗೂ ಕಾಗದವೇ.

ಟ್ಯಾಬಿನ ನಿಜವಾದ ಬೆಲೆ ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಎಂಬುದು ನನ್ನ ಅಭಿಪ್ರಾಯ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಒಂದು ಪಂಪಿನ ಸುರಕ್ಷತಾ ವಾಲ್ವನ್ನು ದುರಸ್ತಿಗೆಂದು ಬಿಚ್ಚಿದ್ದರು. ಆ ಸಂಗತಿ ರಾತ್ರಿಯ ಶಿಫ್ಟಿನವರಿಗೆ ಮುಟ್ಟಲಿಲ್ಲ. ಇನ್ನೊಂದು ಪಂಪ್ ನಿಂತಾಗ ಇದನ್ನೇ ಚಾಲೂ ಮಾಡಿದರು, ಸೋರಿಕೆಯಾಗಿ ಸ್ಫೋಟವಾಯಿತು. ಸತ್ತವರು 167 ಮಂದಿ. ಪರ್ಮಿಟ್ (ಕೆಲಸಕ್ಕೆ ಕೊಡುವ ಲಿಖಿತ ಅನುಮತಿ) ಬರೆದಿರಲಿಲ್ಲ ಎಂದಲ್ಲ, ಬೇಕಾದವರ ಕಣ್ಣಿಗೆ ಅದು ಬೀಳಲಿಲ್ಲ. ನಮ್ಮಲ್ಲಿ ಈಗ ಮುಗಿಯದ ಪರ್ಮಿಟ್ ಇರುವ ಯಂತ್ರದ ಕ್ಯೂಆರ್ ಸಂಕೇತವನ್ನು ಯಾರು ಸ್ಕ್ಯಾನ್ ಮಾಡಿದರೂ ಮೊದಲು ಕಾಣುವುದು ಕೆಂಪು ಪಟ್ಟಿ, ಬೀಗ ಹಾಕಿದವನ ಹೆಸರು, ಅವನ ಫೋನ್ ಸಂಖ್ಯೆ.

ಮೇಲಿನವರಿಗೆ ತಿಂಗಳ ವರದಿಯಲ್ಲಿ ಎಲ್ಲ ಹಸಿರಾಗಿದ್ದರೆ ಖುಷಿ. ನಾನು ಕೇಳುತ್ತಿರುವುದು ‘ಇಲ್ಲ’ ಎಂದು ಬಂದ ಉತ್ತರಗಳ ಪಟ್ಟಿ: ಯಾವ ಯಂತ್ರ, ಯಾವ ಪ್ರಶ್ನೆ, ಆಮೇಲೆ ಯಾರು ಏನು ಮಾಡಿದರು. ಅದಕ್ಕೆ ಸಾಫ್ಟ್‌ವೇರಿನ ಬೇರೆ ಲೈಸೆನ್ಸ್ ಬೇಕಂತೆ. ಖರೀದಿ ವಿಭಾಗಕ್ಕೆ ಇಂಡೆಂಟ್ ಹಾಕಿದ್ದೇನೆ.