ಕೂತಲ್ಲೇ ಬೆಟ್ಟ ಹತ್ತುವ ವಾಚು

ಬೆಂಗಳೂರಿನ ನಮ್ಮ ಮನೆ ದಿನಾ ಸಂಜೆ ನಾಲ್ಕಕ್ಕೆ 30 ಮೀಟರ್ ಮೇಲೇರುತ್ತದೆಯಂತೆ! ಹೇಳೋದು ಎತ್ತರ ತೋರಿಸುವ ನನ್ನ ಆಲ್ಟಿಮೀಟರ್ ವಾಚು. ಪಾಪ, ಅದಕ್ಕೆ ಎತ್ತರ ಗೊತ್ತೇ ಇಲ್ಲ, ಗೊತ್ತಿರೋದು ಗಾಳಿಯ ಒತ್ತಡ ಮಾತ್ರ. ಈ ಎತ್ತರದಲ್ಲಿ ಒತ್ತಡ 1 ಹೆಕ್ಟೋಪ್ಯಾಸ್ಕಲ್ ಇಳಿದರೆ ಸುಮಾರು 9 ಮೀಟರ್ ಹತ್ತಿದ ಲೆಕ್ಕ. ನಮ್ಮ ಕಡೆ ಬೆಳಿಗ್ಗೆ ಹತ್ತರ ಸುಮಾರಿಗೆ ಒತ್ತಡ ಜಾಸ್ತಿ, ಸಂಜೆ ನಾಲ್ಕಕ್ಕೆ ಮೂರ್ನಾಲ್ಕು ಹೆಕ್ಟೋಪ್ಯಾಸ್ಕಲ್ ಕಡಿಮೆ.

ಚಾರಣಕ್ಕೆ ಮುಂಚೆ ಗೊತ್ತಿರುವ ಎತ್ತರ ಕೊಟ್ಟರೆ, ವಾಚು ಸಮುದ್ರಮಟ್ಟದ ಒತ್ತಡವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಆಮೇಲೆ ಆ ಒತ್ತಡ ಬದಲಾಗೋದೇ ಇಲ್ಲ ಅಂತ ನಂಬಿ ಕೂರುತ್ತದೆ. ಮಳೆಗಾಲದ ಪಶ್ಚಿಮಘಟ್ಟದಲ್ಲಿ ಈ ನಂಬಿಕೆ ಎಷ್ಟು ಹೊತ್ತು ಉಳಿದೀತು, ಅಲ್ವಾ?

ಆದರೂ ಒಂದೆರಡು ಗಂಟೆಯ ಏರಿಗೆ ಜಿಪಿಎಸ್‌ಗಿಂತ ಇದೇ ವಾಸಿ. ರಾತ್ರಿ ಟೆಂಟಿನಲ್ಲಿ ಮಾತ್ರ ಎತ್ತರದ ಬದಲು ಒತ್ತಡ ತೋರಿಸುವ ಬ್ಯಾರೋಮೀಟರ್ ಮೋಡ್‌ಗೆ ಹಾಕಿ. ಮಲಗಿದವರು ಬೆಟ್ಟ ಹತ್ತುವುದಿಲ್ಲವಲ್ಲ, ಬದಲಾಗಿದ್ದೆಲ್ಲ ಹವಾಮಾನವೇ.